ಲೈಸೆನ್ಸ್ ಇಲ್ಲದೆ ಗಾಡಿ ಓಡಿಸುವವರಿಗೆ ದಂಡ ಹಾಕುವ ಬದಲು ತರಬೇತಿ ಕೊಡಬಾರದೇ?

ನಿಮ್ಮ ತಮ್ಮ ತೋಟದ ಪಿಕಪ್ ಓಡಿಸಿಕೊಂಡು ಪಾಲಿಬೆಟ್ಟಕ್ಕೆ ಹೋಗುವಾಗ ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದ, ಬಡವರ ಮಕ್ಕಳಿಗೆ ದಂಡ ಜಡಿಯುವ ಬದಲು ಸರ್ಕಾರವೇ ತರಬೇತಿ ಕೊಡಬಾರದೇ ಎಂದು ಕೇಳಿದ್ದೀರಿ. ಆ ಹುಡುಗನ ಜಾಗದಲ್ಲಿ ನಾನು ಕೂತಿದ್ದೆ. ನಾನೂ ತೋಟದ ಕೂಲಿಯವರ ಲೈನ್ ಮನೆಯಲ್ಲೇ ಬೆಳೆದವನು, ಕೊಡಗಿನ ಸಿದ್ದಾಪುರದ ಕಡೆ.

ಡ್ರೈವಿಂಗ್ ಕಲಿತದ್ದು ತೋಟದೊಳಗೆ. ಕಾಫಿ ಕೊಯ್ಲಿನ ಸಮಯದಲ್ಲಿ ಸಂಜೆ ಹಣ್ಣು ಅಳೆದಾದ ಮೇಲೆ ಚೀಲಗಳನ್ನು ಜೀಪಿಗೆ ಹೇರಿ ಕಣಕ್ಕೆ ಸಾಗಿಸಬೇಕಿತ್ತು. ಹಳೇ ಡ್ರೈವರ್ ಒಬ್ಬರಿದ್ದರು, ನಾವೆಲ್ಲ ಮಾಮ ಎನ್ನುತ್ತಿದ್ದೆವು. ಅವರೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಕೆಸರಲ್ಲಿ ಚಕ್ರ ಹೂತರೆ ಹೇಗೆ ಎಬ್ಬಿಸಬೇಕು, ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಹೇಗೆ ರಿವರ್ಸ್ ತೆಗೆಯಬೇಕು, ಎಲ್ಲ ಬಂತು. ಇದಕ್ಕೆ ಯಾರ ಅಡ್ಡಿಯೂ ಇರಲಿಲ್ಲ, ಯಾಕೆಂದರೆ ಮೋಟಾರು ವಾಹನ ಕಾಯ್ದೆ ಲೈಸೆನ್ಸ್ ಕೇಳುವುದು ಸಾರ್ವಜನಿಕ ಜಾಗದಲ್ಲಿ ಓಡಿಸುವವರನ್ನು. ತೋಟದ ಗೇಟು ದಾಟಿದ ಮೇಲೆ ಲೆಕ್ಕ ಬೇರೆ. ಆದರೆ ಕೊಡಗಿನ ತೋಟಗಳಲ್ಲಿ ಆ ಗೇಟು ದಾಟುವುದು ಯಾರಿಗೂ ಗೊತ್ತೇ ಆಗುವುದಿಲ್ಲ. ಇವತ್ತು ಕಣದವರೆಗೆ, ನಾಳೆ ರಸ್ತೆ ಆಚೆಗಿನ ಗದ್ದೆಗೆ, ನಾಡಿದ್ದು ಡ್ರೈವರ್ ರಜಾ ಹಾಕಿದ ದಿನ ಗೊಬ್ಬರ ತರಲು ಗೋಣಿಕೊಪ್ಪಕ್ಕೆ. "ಇಲ್ಲೇ ಅಲ್ವಾ, ಹೋಗಿ ಬಾ ಮಾರಾಯ" ಎಂದು ತೋಟದ ಲೆಕ್ಕ ನೋಡುವ ರೈಟರು ಕೀ ಕೊಡುತ್ತಾರೆ. ಬೇಡ ಎನ್ನಲು ಯಾವ ಹುಡುಗನಿಗೆ ಮನಸ್ಸು ಬರುತ್ತದೆ?

ಇನ್ನು ನನ್ನ ತಪ್ಪು. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತಮ್ಮನೂ ಅದನ್ನೇ ಮಾಡುವ ಹಾಗೆ ಕಾಣುತ್ತದೆ. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿದ್ದಾನೆ, ಸದ್ಯಕ್ಕೆ ಅದು ನಡೆಯುತ್ತದಲ್ಲ ಎಂದು ಬರೆದಿದ್ದೀರಿ. ನಡೆಯುವುದಿಲ್ಲ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ತೋಟದ ಕೆಲಸ ಕಡಿಮೆ ಇದ್ದಾಗ ನಾನೂ ಮಡಿಕೇರಿಗೆ ಹೋಗಿ ಎಲ್‌ಎಲ್‌ಆರ್ ಮಾಡಿಸಿದ್ದೆ. ಅದನ್ನು ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಅದೇ ಲೈಸೆನ್ಸ್, ಟೆಸ್ಟ್ ಅಂದರೆ ಕಾರ್ಡ್ ಬರಲು ಹೋಗಿ ತಲೆ ತೋರಿಸುವುದು, ಅಷ್ಟೇ ಎಂದು ನಂಬಿದ್ದೆ. ಎಲ್‌ಎಲ್‌ಆರ್ ಆಗಿ 30 ದಿನ ಕಳೆದರೆ ಟೆಸ್ಟಿಗೆ ಹೋಗಬಹುದಿತ್ತು. ಮಳೆ ನಿಲ್ಲಲಿ ಎಂದುಕೊಂಡೆ. ಮಳೆ ನಿಂತಿತು, ಹುತ್ತರಿ ಹಬ್ಬ ಕಳೆಯಲಿ ಎಂದುಕೊಂಡೆ. ಹುತ್ತರಿ ಕಳೆಯುವಷ್ಟರಲ್ಲಿ ಕೊಯ್ಲು ಶುರುವಾಗಿತ್ತು, ಆಗ ಒಂದು ದಿನ ಬಿಟ್ಟರೂ ಸಂಬಳ ಹೋಗುತ್ತದೆ. ಎಲ್‌ಎಲ್‌ಆರ್‌ಗೆ ಆಯಸ್ಸು ಬರೀ 6 ತಿಂಗಳು. ಚೀಟಿಯಲ್ಲಿ ತಾರೀಕು ಅಚ್ಚಾಗಿಯೇ ಇತ್ತು, ನಾನು ನೋಡಲಿಲ್ಲ. ಅವಧಿ ಇದ್ದಾಗಲೂ ಅದನ್ನಿಟ್ಟುಕೊಂಡು ಒಬ್ಬನೇ ಓಡಿಸುವ ಹಾಗಿರಲಿಲ್ಲ. ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂರಬೇಕು, ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. ಇವೆರಡೂ ಇಲ್ಲದಿದ್ದರೆ ಆ ಚೀಟಿ ಪರ್ಸಿನಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆ ಸೀಸನ್ನಿನಲ್ಲೇ ಒಂದು ದಿನ ಚೆರ್ರಿ ಕಾಫಿ ಚೀಲ ಹೇರಿದ ಪಿಕಪ್ಪನ್ನು ನನ್ನ ಕೈಗೆ ಕೊಟ್ಟು ಮಡಿಕೇರಿಗೆ ಕಳಿಸಿದರು. ಚೆಟ್ಟಳ್ಳಿ ದಾಟಿ ಏರು ಹತ್ತುವಾಗ ತಿರುವಿನಲ್ಲಿ ಮುಂದಿದ್ದ ಬಸ್ಸು ಜನ ಇಳಿಸಲು ನಿಂತಿತು. ನಾನೂ ನಿಲ್ಲಿಸಿದೆ. ಬಸ್ಸು ಹೊರಟಿತು. ನಾನು ಬ್ರೇಕಿನಿಂದ ಕಾಲು ತೆಗೆದು ಕ್ಲಚ್ ಬಿಡುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರಿತು. ತೋಟದ ಜೀಪು ಲೋ ಗೇರಿನಲ್ಲಿ ತನ್ನಷ್ಟಕ್ಕೇ ಹತ್ತುತ್ತಿತ್ತು, ಹ್ಯಾಂಡ್ ಬ್ರೇಕ್ ಅಂತೂ ಕೆಟ್ಟೇ ಹೋಗಿತ್ತು. ಭಾರ ಹೊತ್ತ ಗಾಡಿಯನ್ನು ಏರಿನಲ್ಲಿ ಹ್ಯಾಂಡ್ ಬ್ರೇಕ್ ಮೇಲೆ ನಿಲ್ಲಿಸಿ ಎತ್ತುವುದು ನನಗೆ ಗೊತ್ತಿರಲಿಲ್ಲ. ಗಾಬರಿಯಲ್ಲಿ ಕ್ಲಚ್ ಪೂರ್ತಿ ಒತ್ತಿಬಿಟ್ಟೆ. ಹಿಂದೆ ಒಬ್ಬ ಹೆಂಗಸು ಸ್ಕೂಟರಿನಲ್ಲಿ ನಿಂತಿದ್ದರು. ಅವರ ಕಾಲು ಬಂಪರಿಗೂ ರಸ್ತೆ ಬದಿಯ ಮಣ್ಣಿನ ಬರೆಗೂ ನಡುವೆ ಸಿಕ್ಕಿತು.

ಅವರು ಬದುಕಿದರು. ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು, ರಾಡ್ ಹಾಕಬೇಕಾಯಿತು. ಅವರೂ ಕಾಫಿ ಕೊಯ್ಯಲು ಹೋಗುತ್ತಿದ್ದವರೇ. ಆ ವರ್ಷದ ಕೊಯ್ಲು ಅವರ ಪಾಲಿಗೆ ಮುಗಿಯಿತು.

ಕೇಸು ಪರಿಹಾರ ನ್ಯಾಯಮಂಡಳಿಗೆ ಹೋಯಿತು. ಗಾಡಿಗೆ ವಿಮೆ ಇತ್ತು, ಹಾಗಾಗಿ ಕಂಪನಿಯೇ ನೋಡಿಕೊಳ್ಳುತ್ತದೆ ಎಂದು ಎಲ್ಲರೂ ಸುಮ್ಮನಿದ್ದೆವು. ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ, ಅದು ಗೊತ್ತಿದ್ದೇ ಮಾಲೀಕರು ಕೊಟ್ಟಿದ್ದಾರೆ ಎಂದು ಕಂಪನಿ ತೋರಿಸಿಕೊಟ್ಟಿತು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿಯಲ್ಲೇ ತೀರ್ಪು ಬಂತು: ಗಾಯಗೊಂಡವರಿಗೆ ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ. ಗಾಡಿಯ ಮಾಲೀಕರಾದ ತೋಟದ ಸಾಹುಕಾರರು ಕಟ್ಟಿದರು. ಅದರಲ್ಲಿ ಒಂದು ಪಾಲನ್ನು ನನ್ನ ಮತ್ತು ಅಪ್ಪನ ಬಟವಾಡೆಯಲ್ಲಿ ವಾರ ವಾರ ಹಿಡಿದರು. ಅಕ್ಕನ ಮದುವೆ ಅದರಿಂದಲೇ ಮುಂದಕ್ಕೆ ಹೋಯಿತು.

ಈಗ ನಿಮ್ಮ ಪ್ರಶ್ನೆ. ದಂಡ ನನಗೆ ಏನನ್ನೂ ಕಲಿಸಲಿಲ್ಲ. ಅದಕ್ಕೂ ಮುಂಚೆ ಒಮ್ಮೆ ಸಿಕ್ಕಿಬಿದ್ದಿದ್ದೆ, ಆಗ ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಕಾಯ್ದೆಯ ಸೆಕ್ಷನ್ 181ರಲ್ಲಿ ದಂಡ 500 ರೂಪಾಯಿವರೆಗೆ ಇತ್ತು. ರೈಟರು ಕಟ್ಟಿ ಬಿಡಿಸಿಕೊಂಡು ಬಂದರು, ಮಾರನೇ ದಿನ ಅದೇ ಕೀ ಮತ್ತೆ ನನ್ನ ಕೈಗೆ ಬಂತು. 2019ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅದನ್ನು 5,000ಕ್ಕೆ ಏರಿಸಿದರು, ಅದೇ ತಿಂಗಳು ನಮ್ಮ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಎಷ್ಟೇ ಇರಲಿ, ಬಟವಾಡೆಯಲ್ಲಿ ಹಿಡಿಯುವಷ್ಟು ದಿನ ಅದು ಹುಡುಗನಿಗೆ ಹೊಸ ಸಾಲ, ಅಷ್ಟೇ.

ಆದರೆ ತರಬೇತಿ ಕೊಟ್ಟರೆ ಸಾಕು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ನನಗೆ ತರಬೇತಿ ಇತ್ತಲ್ಲ, ಮಾಮನಷ್ಟು ಒಳ್ಳೆ ಡ್ರೈವರ್ ಆ ಕಡೆ ಇನ್ನೊಬ್ಬರಿರಲಿಲ್ಲ. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಮತ್ತೆ ಹೊರಡಿಸುವುದು ಡ್ರೈವಿಂಗ್ ಟೆಸ್ಟಿನ ನಿಯಮದಲ್ಲೇ ಬರೆದಿದೆ. ಟೆಸ್ಟಿಗೆ ಹೋಗಿದ್ದರೆ ಅದೊಂದನ್ನು ಕಲಿತೇ ಹೋಗಬೇಕಾಗುತ್ತಿತ್ತು, ಬಾರದಿದ್ದರೆ ಫೇಲ್ ಆಗಿ ವಾಪಸ್ ಬಂದಿರುತ್ತಿದ್ದೆ. ಎರಡರಲ್ಲಿ ಯಾವುದಾದರೂ ಆ ಹೆಂಗಸಿನ ಕಾಲು ಉಳಿಯುತ್ತಿತ್ತು. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ 2021ರಲ್ಲಿ ಬಂದಿದೆ. ಲಘು ವಾಹನಕ್ಕೆ 4 ವಾರದಲ್ಲಿ 29 ಗಂಟೆ, ಅಲ್ಲಿ ಪಾಸಾದರೆ ಆರ್‌ಟಿಒ ಟೆಸ್ಟೂ ಬೇಡ. ಒಳ್ಳೆಯದೇ. ಆದರೆ ದಿನಗೂಲಿಯವನಿಗೆ ಆ 4 ವಾರದ ಕೂಲಿ ಯಾರು ಕೊಡುತ್ತಾರೆ?

ಕೊಡಬೇಕಾದವರು ಕೀ ಕೊಟ್ಟವರು. ದಂಡ ಹಾಕುವುದಿದ್ದರೂ ಅವರಿಗೇ ಹಾಕಬೇಕು. ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಡಬಾರದು ಎಂದು ಸೆಕ್ಷನ್ 5 ಹೇಳುತ್ತದೆ, ಕೊಟ್ಟರೆ ಸೆಕ್ಷನ್ 180ರಲ್ಲಿ ಶಿಕ್ಷೆ ಇದೆ. ನನ್ನ ಮೇಲೆ 181 ಬಿದ್ದ ದಿನ ಆ 180ರ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗನಿಗೆ 18 ತುಂಬದಿದ್ದರೆ ಇನ್ನೂ ಗಂಭೀರ: ತಂದೆತಾಯಿಗೋ ಮಾಲೀಕರಿಗೋ 25,000 ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಹೈಸ್ಕೂಲ್ ಮಕ್ಕಳ ಕೈಗೆ ಜೀಪು ಕೊಟ್ಟು ಫೋಟೋ ತೆಗೆದು ಹಾಕುವ ನಮ್ಮೂರ ದೊಡ್ಡವರು ಇದನ್ನು ಓದಲಿ.

ನಿಮ್ಮ ತಮ್ಮ ಇವತ್ತಿನಿಂದ ರಸ್ತೆಗೆ ಇಳಿಯುವುದನ್ನು ನಿಲ್ಲಿಸಲಿ. ಎಲ್‌ಎಲ್‌ಆರ್ ತಾರೀಕು ನೋಡಿ, ಮುಗಿದಿದ್ದರೆ ಹೊಸದು ಮಾಡಿಸಿ, ಆಧಾರ್ ಇದ್ದರೆ ಈಗ ಮನೆಯಿಂದಲೇ ಆಗುತ್ತದೆ. ಕಾರಿನ ಲೈಸೆನ್ಸ್ ಪಿಕಪ್ಪಿಗೆ ಆಗುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 7,500 ಕೆಜಿ ಒಳಗಿನ ಸಾಗಣೆ ವಾಹನಕ್ಕೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಕೊಯ್ಲು ಶುರುವಾಗುವ ಮೊದಲೇ ಟೆಸ್ಟ್ ಮುಗಿಸಿ. ನೀವೇ ಹೋಗಿ ಅವರ ಸಾಹುಕಾರರ ಹತ್ತಿರ ಮಾತಾಡಿ, ಟೆಸ್ಟಿನ ದಿನದ ಕೂಲಿಯನ್ನೂ ಗಾಡಿಯನ್ನೂ ಕೇಳಿ. ಹಿಂದೆಮುಂದೆ ನೋಡಿದರೆ ನನಗಾದ ವಸೂಲಿಯ ಕಥೆ ಹೇಳಿ, ಒಪ್ಪುತ್ತಾರೆ. ಗಾಡಿಯ ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ ಮೂರೂ ಚಾಲ್ತಿಯಲ್ಲಿವೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ, ಒಂದು ಇಲ್ಲದಿದ್ದರೂ ಮಡಿಕೇರಿಯವರೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ.