ಫೈಬರ್ ಮೀಟರ್‌ನಲ್ಲಿ ಮೈನಸ್ 29: ಬೆಳಕು ಸೋರುವುದೆಲ್ಲಿ?

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಗೆ ಫೈಬರ್ ಇಂಟರ್‌ನೆಟ್ ಇದೆ. ಗಾಳಿಮಳೆ ಹಿಡಿದರೆ ಮೋಡೆಮ್‌ನಲ್ಲಿ ಕೆಂಪು ದೀಪ. ಲೈನ್‌ನವರು ಮೀಟರ್ ಹಾಕಿ, 'ಮೈನಸ್ 29 ಇದೆ, ನಿಮ್ಮದು ತುಂಬ ದೂರ' ಎಂದರು. ದೂರವೇ ಕಾರಣವೇ?

ಉತ್ತರ: ಅಲ್ಲವೆನಿಸುತ್ತದೆ. ಮೀಟರ್ ತೋರಿಸುವುದು ಡಿಬಿಎಂ. ಅದರಲ್ಲಿ ಸೊನ್ನೆ ಎಂದರೆ 1 ಮಿಲಿವ್ಯಾಟ್ ಬೆಳಕು. 3 ಇಳಿದರೆ ಅರ್ಧ, 10 ಇಳಿದರೆ ಹತ್ತರಲ್ಲೊಂದು ಪಾಲು. ಮನೆಗಳಲ್ಲಿರುವ ಸಾಮಾನ್ಯ ಜಿಪಾನ್ (ಒಂದೇ ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಏರ್ಪಾಡು) ಮೋಡೆಮ್‌ಗೆ ಮೈನಸ್ 27ರ ತನಕ ಸಾಕು. ಮೈನಸ್ 25 ದಾಟಿದ ಲೈನು ಬಿಸಿಲಲ್ಲಿ ನಡೆದರೂ ಮಳೆಗಾಲದಲ್ಲಿ ನಂಬುವಂತಿಲ್ಲ.

ಲೆಕ್ಕ ಹಾಕಿ ನೋಡಿ. ಎಕ್ಸ್‌ಚೇಂಜಿನಿಂದ ಹೊರಡುವಾಗ ಸುಮಾರು ಪ್ಲಸ್ 3. ಒಂದನ್ನು 32 ಮನೆಗೆ ಹಂಚುವ ಸ್ಪ್ಲಿಟರ್ 17 ತಿನ್ನುತ್ತದೆ. ಫೈಬರ್ ತಿನ್ನುವುದು ಕಿಲೋಮೀಟರಿಗೆ 0.3ರಷ್ಟೇ, ಅಂದರೆ 10 ಕಿ.ಮೀ.ಗೆ 3. ಜಾಯಿಂಟು, ಕನೆಕ್ಟರುಗಳಿಗೆ 2 ಬಿಡಿ. ಮೈನಸ್ 19 ಬರಬೇಕಿತ್ತು! ಉಳಿದ 10 ದಾರಿಯಲ್ಲೆಲ್ಲೋ ಸೋರುತ್ತಿದೆ.

ಮೊದಲು ಸಿಲ್ವರ್ ಓಕ್ ಮರಗಳನ್ನು ನೋಡಿ. ಕೇಬಲನ್ನು ಕಟ್ಟುತಂತಿಯಿಂದ ಬಿಗಿದಿದ್ದರೆ, ಗಾಳಿಗೆ ಮರ ತೂಗಿದಾಗಲೆಲ್ಲ ಅದು ಅಲ್ಲೇ ಮುರಿಬಾಗುತ್ತದೆ. ಸಾಮಾನ್ಯ ಫೈಬರ್‌ನ ಬಾಗು 3 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾದರೆ ಬೆಳಕು ಹೊರಗೆ ಸೋರುತ್ತದೆ. ಸಡಿಲವಾದ ಕ್ಲ್ಯಾಂಪ್ ಹಾಕಿಸಿ, ಮಿಕ್ಕ ಕೇಬಲನ್ನು ಅಗಲ ಸುರುಳಿ ಮಾಡಿಡಿ. ಮುರಿದ ಜಾಗ ಹುಡುಕಲು ಲೈನ್‌ನವರ ಕೆಂಪು ಲೇಸರ್ ಪೆನ್ ಸಾಕು. ಹೊದಿಕೆ ತೆಳುವಾಗಿದ್ದಲ್ಲಿ ಸೋರಿಕೆ ಕೆಂಪಗೆ ಕಾಣುತ್ತದೆ. ಕಪ್ಪು ದಪ್ಪ ಕೇಬಲಿನಲ್ಲಿ ಕಾಣದು, ಅದಕ್ಕೆ ಓಟಿಡಿಆರ್ ಬೇಕು, ಅಂದರೆ ಫೈಬರ್‌ನೊಳಗೆ ಬೆಳಕು ಕಳಿಸಿ ಸೋರುವ ಜಾಗ ಎಷ್ಟು ದೂರದಲ್ಲಿದೆ ಎಂದು ಹೇಳುವ ಯಂತ್ರ.

ಮುಂದೆ ಕನೆಕ್ಟರ್. ಹಸಿರು ತಲೆಯದರ ತುದಿ 8 ಡಿಗ್ರಿ ಓರೆ. ಅದನ್ನು ನೀಲಿ ತಲೆಯದರ ಜೊತೆ ಕೂಡಿಸಿದರೆ ನಡುವೆ ಸಂದು ಉಳಿದು ಬೆಳಕು ಕೈಕೊಡುತ್ತದೆ. ಕೊಳೆಯಿದ್ದರೆ ನೂಲು ಬಿಡದ ವೈಪ್‌ಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಂದೇ ದಿಕ್ಕಿಗೆ ಒರೆಸಿ. ಪಂಚೆ ಅಂಚು, ಬಾಯಿಗಾಳಿ ಬೇಡವೇ ಬೇಡ.

ಪ್ರಶ್ನೆ: ಬೆಳಕು ಬರುತ್ತಿದೆಯೇ ಎಂದು ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಹುದೇ? (ಅರಸೀಕೆರೆಯ ಓದುಗರು)

ಉತ್ತರ: ನೋಡಿದರೂ ಏನೂ ಕಾಣದು. ಮನೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್; ನಮ್ಮ ಕಣ್ಣಿನ ನೋಟ 700ರ ಆಸುಪಾಸಿಗೇ ಮುಗಿಯುತ್ತದೆ. ಮೊಬೈಲ್ ಕ್ಯಾಮೆರಾಗೂ ಅದು ಕಾಣದು. ಮನೆಯ ತುದಿಗೆ ತಲುಪುವುದು ಕೆಲವೇ ಮೈಕ್ರೋವ್ಯಾಟ್, ಅದರಿಂದ ಕಣ್ಣಿಗೆ ಹಾನಿಯಿಲ್ಲ. ಆದರೆ ಅದೇ ಕಂಬದಲ್ಲಿ ಕೇಬಲ್ ಟಿ.ವಿ.ಯ ವರ್ಧಿತ ಬೆಳಕು ಹರಿಯುವ ಎಳೆಯೂ ಇರಬಹುದು, ಅದು ಬಲವಾದದ್ದು. ಇನ್ನೂ ದೊಡ್ಡ ಅಪಾಯ ಕತ್ತರಿಸಿದ ಚೂರುಗಳದು: 0.125 ಮಿ.ಮೀ. ದಪ್ಪದ ಗಾಜು, ಬೆರಳಿಗೆ ಅಂಟಿ ಕಣ್ಣಿಗೆ ಸೇರುತ್ತದೆ. ಅವನ್ನು ಟೇಪಿಗೆ ಅಂಟಿಸಿ ಮುಚ್ಚಳದ ಡಬ್ಬಿಗೆ ಹಾಕಿ. ಕೈ ತೊಳೆಯುವ ತನಕ ಕಣ್ಣು ಉಜ್ಜಬೇಡಿ.