ಅಳಿಲು ಕೂಗಿದರೆ ಬೇಟೆ ಹತ್ತಿರ ಬಂದಿದೆ ಎಂದು ಅರ್ಥವೇ?

ನೀವು ಕೇಳಿರುವುದು ಇಷ್ಟು: ಅಮೆರಿಕದ ಬೇಟೆಗಾರರ ವಿಡಿಯೊಗಳಲ್ಲಿ ಅಳಿಲು ಕೂಗತೊಡಗಿದ ಕೂಡಲೇ ಅವರು ಬಿಲ್ಲು ಎತ್ತಿಕೊಂಡು ಸಿದ್ಧರಾಗುತ್ತಾರೆ. ಕಲಬುರಗಿ ಜಿಲ್ಲೆಯ ಚಿಂಚೋಳಿಯ ಕಾಡಿನಲ್ಲಿಯೂ ಅಳಿಲಿನ ಕೂಗು ಕೇಳಿ ಪ್ರಾಣಿ ಬರುವುದನ್ನು ತಿಳಿಯಬಹುದೇ? ಯಾವ ಕೂಗಿಗೆ ಏನರ್ಥ? ಅದು ನನ್ನನ್ನೇ ಕಂಡು ಕೂಗಿದರೆ ಸುಮ್ಮನಾಗಿಸುವುದು ಹೇಗೆ?

ತಿಳಿಯಬಹುದು. ಆದರೆ ನೀವು ತಿಳಿಯಬೇಕೆಂದಿರುವುದನ್ನಲ್ಲ. ಅಳಿಲು ಕೂಗಿ ಹೇಳುವುದು ತನ್ನ ವೈರಿಯ ಸುದ್ದಿಯನ್ನು. ನಿಮ್ಮ ಬೇಟೆಯ ಸುದ್ದಿ ಅದಕ್ಕೆ ಬೇಕಾಗಿಲ್ಲ. ಮೊಲ ಬಂದರೆ ಅದಕ್ಕೇನು, ಕಾಡುಹಂದಿ ಬಂದರೆ ಅದಕ್ಕೇನು? ಹಂದಿ ಮರ ಹತ್ತುವುದಿಲ್ಲ. ಬೆಕ್ಕು, ಹಾವು, ಗಿಡುಗ, ಮುಂಗುಸಿ, ನಾಯಿ, ಮನುಷ್ಯ: ಅದರ ಪಟ್ಟಿ ಇದು. ಕಾಡಿಗೆ ಹೊಕ್ಕ ಹೊಸಬರಿಗೆ ಕೇಳುವ ಕೂಗುಗಳಲ್ಲಿ ಹೆಚ್ಚಿನವು ಪಟ್ಟಿಯ ಕೊನೆಯ ಹೆಸರಿಗೆ, ಅಂದರೆ ಕೇಳುವವರಿಗೇ ಸಂಬಂಧಿಸಿದವು.

ಕಾನೂನಿನ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಉರುಲು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನ ಎಲ್ಲವೂ ಬೇಟೆಯೇ. ಚಿಂಚೋಳಿ ಕಾಡಂತೂ 2011ರಿಂದ ವನ್ಯಜೀವಿ ಧಾಮ. ಕೊಂಡುಕುರಿ, ಕತ್ತೆಕಿರುಬ, ತೋಳ ಇರುವ ಜಾಗಕ್ಕೆ ಬಿಲ್ಲು ಹಿಡಿದು ಹೋಗುವ ಆಲೋಚನೆಯನ್ನು ವಿಡಿಯೊದಲ್ಲಿಯೇ ಬಿಟ್ಟುಬಿಡಿ. ದುರ್ಬೀನು ಅಥವಾ ಕ್ಯಾಮೆರಾ ಹಿಡಿದು ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗುವುದಾದರೆ ಮುಂದೆ ಓದಿ. ಬೇಟೆಗೂ ಬರೀ ನೋಡುವುದಕ್ಕೂ ಈ ವಿದ್ಯೆ ಒಂದೇ. ನನಗೆ ಇದರ ಮೊದಲ ಪಾಠ ಹೇಳಿಕೊಟ್ಟವರು ಕಾಯ್ದೆ ಬರುವ ಮುಂಚೆ ಕೌಜುಗ, ಮೊಲ ಹಿಡಿಯುತ್ತಿದ್ದ ನಮ್ಮ ಮುತ್ಯಾ, ಅಂದರೆ ಅಜ್ಜ. ಹಿಡಿಯುವುದನ್ನು ಬಿಟ್ಟ ಮೇಲೆಯೂ ಅವರ ಕಿವಿ ಮಾತ್ರ ಕಾಡಿನಲ್ಲಿಯೇ ಇತ್ತು.

ಈಗ ಆ ವಿಡಿಯೊಗಳ ವಿಷಯ. ಅವರು ತೋರಿಸುವುದು ಸುಳ್ಳಲ್ಲ, ಅರ್ಧ ನಿಜ. ಅಲ್ಲಿನ ಜಿಂಕೆ ಬೇಟೆಗಾರರು ಪರವಾನಗಿ ಪಡೆದು, ಆಯಾ ರಾಜ್ಯ ಗೊತ್ತುಪಡಿಸಿದ ಋತುವಿನಲ್ಲಿ, ಮರಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ತಾಸುಗಟ್ಟಲೆ ಅಲುಗದೆ ಕೂರುತ್ತಾರೆ. ಎಲೆ ಉದುರಿದ ಕಾಡಿನಲ್ಲಿ ಜಿಂಕೆ ಹೆಜ್ಜೆ ಇಟ್ಟರೆ ಒಣಗಿದ ಎಲೆಯ ಸದ್ದಿಗೆ ಅಳಿಲು ಬೆಚ್ಚಿ ನಾಲ್ಕಾರು ಸಲ ಕೂಗಬಹುದು. ಬಂದದ್ದು ಜಿಂಕೆ ಎಂದು ಗೊತ್ತಾದರೆ ಮತ್ತೆ ತನ್ನ ಕಾಯಿ ಹುಡುಕಲು ಹೋಗುತ್ತದೆ. ಜಿಂಕೆ ಬಾರದೆ ಬರೀ ಅಳಿಲು ಕೂಗಿದ ದಿನಗಳನ್ನು ಯಾರೂ ವಿಡಿಯೊ ಮಾಡಿ ಹಾಕುವುದಿಲ್ಲ.

ಅಲ್ಲಿನ ಬೂದು ಅಳಿಲಿನ ಕೂಗುಗಳನ್ನು ಸಂಶೋಧಕರು ಚೆನ್ನಾಗಿಯೇ ಬಿಡಿಸಿದ್ದಾರೆ. ಗಿಡ್ಡನೆಯ, ಬೇಗ ಬೇಗ ಬರುವ 'ಕುಕ್'. ಅದನ್ನೇ ಎಳೆದಂತಿರುವ 'ಕ್ವಾ'. ಇವೆರಡಕ್ಕಿಂತ ಬೇರೆಯಾದ, ನರಳಿದಂತಹ ಸಣ್ಣ ದನಿ. 2014ರಲ್ಲಿ ಪ್ರಕಟವಾದ, ಮಯಾಮಿ ವಿಶ್ವವಿದ್ಯಾಲಯದ ಮೆಕ್ರೇ ಮತ್ತು ಗ್ರೀನ್ ಅವರ ಅಧ್ಯಯನದಲ್ಲಿ ಈ ನರಳಿಕೆ ಆಕಾಶದಿಂದ ಬರುವ ಅಪಾಯಕ್ಕೆ ಅಂಟಿಕೊಂಡಿತ್ತು. ಬಾಲವನ್ನು ಬಾವುಟದಂತೆ ದೊಡ್ಡದಾಗಿ ಬೀಸುವುದು ನೆಲದ ಮೇಲಿನ ಅಪಾಯಕ್ಕೆ ಹೊಂದಿಕೊಂಡಿತ್ತು. 'ಕುಕ್', 'ಕ್ವಾ' ಎರಡನ್ನೂ ಕೇಳಿ ಮಾತ್ರ ವೈರಿ ಮೇಲಿದೆಯೋ ಕೆಳಗಿದೆಯೋ ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ಇದರಲ್ಲಿ ನಮಗೆ ಬೇಕಾದ ಅಂಶವೆಂದರೆ, ಕಣ್ಣು ಮುಚ್ಚಿಕೊಂಡು ಬರೀ ಕಿವಿಯಿಂದ ಕೇಳಿದವನಿಗೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ, ಉಳಿದರ್ಧ ಬಾಲದಲ್ಲಿದೆ.

ನಮ್ಮದು ಬೂದು ಅಳಿಲಲ್ಲ. ಬೆನ್ನ ಮೇಲೆ ಪಟ್ಟೆ ಇರುವ, ಅಂಗೈಯಷ್ಟಿರುವ ಇಣಚಿ. ದಕ್ಷಿಣದಲ್ಲಿ ಮೂರು ಪಟ್ಟೆಯದು, ಉತ್ತರ ಭಾರತದಲ್ಲಿ ಐದು ಪಟ್ಟೆಯದು. ನಾವು ದಖ್ಖನ್ನಿನವರು ಎರಡರ ನಡುವೆ ಇರುವುದರಿಂದ ಪಕ್ಕೆಯ ಮೇಲೆ ಇನ್ನೆರಡು ಮಸುಕು ಗೆರೆ ಇವೆಯೇ ಎಂದು ನೋಡುವುದು ಒಳ್ಳೆಯದು. ಮೂರು ಪಟ್ಟೆಯದರ ಕೂಗು ಹಕ್ಕಿಯ ದನಿಯಂತೆ ತೀಕ್ಷ್ಣ. ಅಮೆರಿಕದ ಕೂಗಿನ ಕೋಷ್ಟಕವನ್ನು ತಂದು ಇದರ ಮೇಲೆ ಹೊರಿಸಬೇಡಿ. ಇಲ್ಲಿ ನಾನು ನಂಬುವುದು ಕೂಗಿನ ಬಗೆಯನ್ನಲ್ಲ, ಕೂಗುವ ಪ್ರಾಣಿಯ ಮೈಯನ್ನು.

ಮೊದಲು ಅದರ ಮೂಗು ನೋಡಿ. ತಲೆ ಕೆಳಗಾಗಿ ಕಾಂಡಕ್ಕೆ ಅಂಟಿಕೊಂಡು, ಪ್ರತಿ ಕೂಗಿಗೂ ಬಾಲ ಮಿಡಿಯುತ್ತ ಒಂದೇ ಕಡೆ ದಿಟ್ಟಿಸುತ್ತಿದ್ದರೆ ವೈರಿ ನೆಲದ ಮೇಲೆ ಇದೆ, ಮೂಗಿನ ನೇರದಲ್ಲಿ ಇದೆ. ಆ ನೇರವನ್ನು ಬುಡದವರೆಗೆ, ಅಲ್ಲಿಂದ ಪೊದೆಯವರೆಗೆ ಕಣ್ಣಿನಿಂದಲೇ ಎಳೆಯಿರಿ. ಇನ್ನೊಂದು ಮರದಲ್ಲಿ ಮತ್ತೊಂದು ಅಳಿಲು ಕೂಗುತ್ತಿದ್ದರೆ ಅದರ ಮೂಗಿನ ಗೆರೆಯನ್ನೂ ಎಳೆಯಿರಿ. ಎರಡು ಗೆರೆ ಕೂಡುವ ಜಾಗದಲ್ಲಿ ಬಹುಮಟ್ಟಿಗೆ ಏನಾದರೂ ಸಿಕ್ಕುತ್ತದೆ. ಅಳಿಲು ಕೊಂಬೆಯಿಂದ ಕೊಂಬೆಗೆ ಜರುಗುತ್ತ ಕೂಗಿದರೆ ಕೆಳಗಿನದು ನಡೆಯುತ್ತಿದೆ. ಒಂದೇ ಜಾಗ ಹಿಡಿದು ಬಿಡದೆ ಕೂಗಿದರೆ ಕೆಳಗಿನದು ಕೂತಿದೆ, ಇಲ್ಲವೇ ಸುತ್ತಿಕೊಂಡು ಮಲಗಿದೆ.

ಗಿಡುಗ ಬಂದಾಗ ನಡೆಯುವುದು ಬೇರೆ. ಆಗ ಉದ್ದನೆಯ ಭಾಷಣಕ್ಕೆ ಸಮಯವಿಲ್ಲ. ಒಂದು ಚುರುಕು ಚೀರು, ಕಾಂಡದ ಆಚೆ ಮಗ್ಗುಲಿಗೆ ಒಂದು ನೆಗೆತ, ಆಮೇಲೆ ಎಲ್ಲ ಸ್ತಬ್ಧ. ಸುತ್ತಲಿನ ಪಿಕಳಾರ, ಗೊರವಂಕಗಳೂ ಬಾಯಿ ಮುಚ್ಚುತ್ತವೆ. ಗಲಾಟೆಗಿಂತ ಈ ಮೌನವೇ ಹೆಚ್ಚು ಸುದ್ದಿ ಹೇಳುತ್ತದೆ. ತಲೆ ಎತ್ತಿ ಆಕಾಶ ನೋಡಿ. ಹಗಲು ನಿದ್ದೆಗೆ ಕೂತ ಗೂಬೆಯನ್ನು ಕಂಡರೆ ಮಾತ್ರ ಮತ್ತೆ ಗಲಾಟೆ, ಏಕೆಂದರೆ ಕಣ್ಣಿಗೆ ಬಿದ್ದ ಗೂಬೆಯಿಂದ ಅಷ್ಟು ಭಯವಿಲ್ಲ.

ಅಡಗಿ ಕೂತ ವೈರಿಯ ಮುಂದೆ ಅಳಿಲು ಯಾಕಿಷ್ಟು ಧೈರ್ಯದಿಂದ ಕೂಗುತ್ತದೆ ಎಂದು ನಿಮಗೆ ಅನ್ನಿಸಿರಬಹುದು. ಬೆಕ್ಕು ಬದುಕುವುದೇ ಕಾಣದಂತೆ ಹತ್ತಿರ ಬರುವುದರಿಂದ. ಕಳ್ಳ ಬಚ್ಚಿಟ್ಟುಕೊಂಡ ಮನೆಯ ಮುಂದೆ ಡಂಗುರ ಸಾರಿದರೆ ಅವನಿಗೆ ಅಲ್ಲಿ ಇನ್ನೇನು ಕೆಲಸ? ಹೊರಟುಹೋಗುತ್ತಾನೆ. ಆದ್ದರಿಂದ ಆ ಕೂಗು ಬರೀ ಬಂಧುಗಳಿಗೆ ಕೊಟ್ಟ ಎಚ್ಚರಿಕೆಯಲ್ಲ, ವೈರಿಗೆ ಹೇಳಿದ ಮಾತೂ ಹೌದು: ನಿನ್ನನ್ನು ನೋಡಿಯಾಯಿತು. ನಿಮ್ಮತ್ತ ಮುಖ ಮಾಡಿ ಅದು ಕೂಗುವಾಗ ನಿಮಗೆ ಹೇಳುತ್ತಿರುವುದೂ ಇದನ್ನೇ.

ಎರಡು ಕಡೆ ಮೋಸ ಹೋಗುವ ಸಂಭವವಿದೆ. ಒಂದು, ಹಳಸಿದ ಸುದ್ದಿ. ಬೆಕ್ಕು ಹೋದ ಮೇಲೆಯೂ ಅಳಿಲು ಬಹಳ ಹೊತ್ತು ಕೂಗುತ್ತಲೇ ಇರುತ್ತದೆ; ಕೂಗಿನ ನಡುವಿನ ಬಿಡುವು ಹಿಗ್ಗುತ್ತ ಹೋಗಿ, ಬಾಲ ಸುಮ್ಮನಾಗಿ, ಮೂಗು ಎತ್ತಲೋ ತಿರುಗಿದ್ದರೆ ನೀವು ತಡವಾಗಿ ಬಂದಿದ್ದೀರಿ. ಇನ್ನೊಂದು, ಶುದ್ಧ ಸುಳ್ಳು. ತೈವಾನ್ ಮೂಲದ ಒಂದು ಅಳಿಲಿನ ಬಗ್ಗೆ ಜಪಾನಿನ ಸಂಶೋಧಕಿ ನೊರಿಕೊ ತಮುರಾ 1995ರಲ್ಲಿ ಬರೆದದ್ದು ನನಗೆ ಬಹಳ ಇಷ್ಟ. ಕೂಡಿದ ಮೇಲೆ ಗಂಡು ಅಳಿಲು, ವೈರಿ ಬಂದಾಗ ಕೂಗುವಂತೆಯೇ ಕೂಗುತ್ತದೆ. ಸುತ್ತಲಿನ ಇತರ ಗಂಡುಗಳು ಅಪಾಯವೆಂದು ಇದ್ದಲ್ಲಿಯೇ ನಿಲ್ಲುತ್ತವೆ. ಹೆಣ್ಣಿನ ಹತ್ತಿರ ಯಾರೂ ಸುಳಿಯುವುದಿಲ್ಲ. ನಮ್ಮ ಅಳಿಲುಗಳೂ ಕೂಡುವ ಕಾಲದಲ್ಲಿ ಒಂದು ಹೆಣ್ಣಿನ ಹಿಂದೆ ಹಲವು ಗಂಡುಗಳು ಬೇವಿನ ಮರವನ್ನೆಲ್ಲ ಸುತ್ತಾಡಿ ಕಿವಿ ಕಿತ್ತುಹೋಗುವಂತೆ ಕೂಗುತ್ತವೆ. ಓಟವಿದ್ದು, ದಿಟ್ಟಿಸುವುದು ಇಲ್ಲದಿದ್ದರೆ ಅದು ಸಂಸಾರದ ಗದ್ದಲ. ಕ್ಯಾಮೆರಾ ಕೆಳಗಿಡಿ.

ಹಾಗಾಗಿ ಅಳಿಲೊಂದೇ ಸಾಕ್ಷಿ ಹೇಳಿದರೆ ನಾನು ನಂಬುವುದಿಲ್ಲ. ಹರಟೆಮಲ್ಲಗಳ ಗುಂಪು ಅದೇ ಪೊದೆಯ ಸುತ್ತ ಸೇರಿ ಗದ್ದಲ ಮಾಡಿದರೆ, ಕಾಜಾಣ ಅದೇ ಜಾಗಕ್ಕೆ ಎರಗಿ ಎರಗಿ ಏಳುತ್ತಿದ್ದರೆ ಮಾತು ಖಚಿತ. ಬಯಲಿನಲ್ಲಂತೂ ಅಳಿಲನ್ನು ಮರೆತುಬಿಡಿ. ಬೀದರ್ ಕಡೆಯ ಚಿಗರೆ ಮೇಯುವ ಬಯಲಿಗೂ ಯಾದಗಿರಿಯ ಕೆರೆಯಂಗಳಕ್ಕೂ ಕಾವಲುಗಾರ ಟಿಟ್ಟಿಭ. ಅದು ನೆಲದ ಮೇಲೆ ಗೂಡು ಮಾಡುವ ಹಕ್ಕಿಯಾದ್ದರಿಂದ ತೋಳ, ನರಿ, ನಾಯಿ, ದನ, ಕುರಿಗಾಹಿ ಎಲ್ಲರ ಮೇಲೂ ದೂರು ಹೇಳುತ್ತದೆ, ರಾತ್ರಿಯಲ್ಲಿಯೂ ಹೇಳುತ್ತದೆ. ಅಳಿಲು ಹಗಲಿನ ಪ್ರಾಣಿ. ಕತ್ತಲಾದರೆ ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವೂ ಹೆಚ್ಚುಕಡಿಮೆ ಅಷ್ಟೇ. ಬಿಸಿಲಿಗೆ ಅದೂ ನೆರಳಿನಲ್ಲಿ ಹೊಟ್ಟೆ ಚೆಲ್ಲಿ ಮಲಗಿರುತ್ತದೆ.

ಈ ವಿದ್ಯೆ ನಿಜವಾಗಿ ಕೆಲಸಕ್ಕೆ ಬರುವುದು ಕಾಡಿಗಿಂತ ಹೊಲದ ಮನೆಯಲ್ಲಿ ಎಂದರೆ ನಿಮಗೆ ನಿರಾಸೆಯಾಗಬಹುದು. ತೊಗರಿ ಕಟ್ಟಿಗೆಯ ರಾಶಿ, ಮೇವಿನ ಬಣವೆ ಇರುವಲ್ಲಿ ಇಲಿ ಇರುತ್ತದೆ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ರಾಶಿಯ ಪಕ್ಕದ ಗಿಡದಲ್ಲಿ ಅಳಿಲು ತಲೆ ಕೆಳಗಾಗಿ ನಿಂತು ಒಂದೇ ಸಮನೆ ಕೂಗುತ್ತಿದ್ದರೆ ಆ ಹೊತ್ತಿಗೆ ಕಟ್ಟಿಗೆಗೆ ಕೈ ಹಾಕಬೇಡಿ. ಕೇರೆ ಹಾವಾದರೆ ತಾನೇ ಹೋಗುತ್ತದೆ. ನಾಗರವೋ ಕೊಳಕುಮಂಡಲವೋ ಆದರೆ ಹಾವು ಹಿಡಿಯಲು ಬಲ್ಲವರನ್ನು ಕರೆಯಿರಿ. ನಮ್ಮ ಮನೆಯಲ್ಲಿ ಈ ಮಾತನ್ನು ಮಕ್ಕಳೂ ಪಾಲಿಸುತ್ತಾರೆ.

ಕಲಿಯಲು ಚಿಂಚೋಳಿಯವರೆಗೆ ಹೋಗಬೇಕಾಗಿಲ್ಲ. ಕಲಬುರಗಿಯ ಶರಣಬಸವೇಶ್ವರ ಕೆರೆಯ ಉದ್ಯಾನದಲ್ಲಿ ಬೆಳಗಿನ ಹೊತ್ತು ಒಂದು ಕಲ್ಲುಬೆಂಚು ಹಿಡಿದು ಕುಳಿತುಕೊಳ್ಳಿ. ಅಲ್ಲಿನ ಅಳಿಲುಗಳು ವಾಕಿಂಗ್ ಬರುವವರನ್ನು ಲೆಕ್ಕಕ್ಕೆ ಇಡುವುದಿಲ್ಲ. ಮನುಷ್ಯರ ಮೇಲಿನ ದೂರು ಹೀಗೆ ತಾನಾಗಿಯೇ ಕಳೆದುಹೋಗುವುದರಿಂದ ಅವು ಕೂಗಿದರೆ ಬೆಕ್ಕು, ನಾಯಿ, ಕಾಗೆ, ಶಿಕ್ರಾ ಎಂಬ ಸಣ್ಣ ಗಿಡುಗ ಇವುಗಳಲ್ಲಿ ಒಂದು ಹತ್ತಿರವಿದೆ ಎಂದೇ ಹಿಡಿಯಬಹುದು. ಮೂಗಿನ ಗೆರೆ ಎಳೆಯಿರಿ, ಏನೆಂದು ಊಹಿಸಿ, ಎದ್ದು ಹೋಗಿ ನೋಡಿ. ಹಾಗೆ ಊಹೆ ಸರಿಯಾಗತೊಡಗಿದ ಮೇಲೆ ಕಾಡಿಗೆ ಹೋದರೆ ಕಿವಿಗೆ ಕೆಲಸ ಇರುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೂಗುವ ಅಳಿಲನ್ನು ಸುಮ್ಮನಾಗಿಸಲು ಕಲ್ಲು ಎಸೆಯುವವರನ್ನು ಕಂಡಿದ್ದೇನೆ. ಅದಕ್ಕಿಂತ ಮೂರ್ಖತನ ಇಲ್ಲ, ದೂರಿಗೆ ಪುರಾವೆ ಒದಗಿಸಿದಂತಾಗುತ್ತದೆ. ಮೊಬೈಲಿನಲ್ಲಿ ಪ್ರಾಣಿಗಳ ದನಿ ಹಾಕುವುದೂ ಬೇಡ. ಅದನ್ನು ದಿಟ್ಟಿಸಬೇಡಿ, ಬೇರೆ ಕಡೆ ಮುಖ ಮಾಡಿ, ಮರಕ್ಕೆ ಬೆನ್ನು ಕೊಟ್ಟು ಕುಳಿತುಬಿಡಿ. ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಬೇಕಾಗುತ್ತದೆ. ನಡೆಯುತ್ತಲೇ ಇದ್ದರೆ ಒಂದು ಅಳಿಲಿನ ಗಡಿ ದಾಟಿ ಮುಂದಿನ ಅಳಿಲಿನ ಬಾಯಿಗೆ ಬೀಳುತ್ತೀರಿ, ಅಷ್ಟೇ.

ಕೂರುವ ಜಾಗವನ್ನು ಆರಿಸಿಕೊಂಡರೆ ಈ ಕಾಯುವಿಕೆ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ಇದಕ್ಕೆ ಹೊಂದುವ ಒಂದು ಪ್ರಯೋಗ ಓಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನವರದು, 2019ರಲ್ಲಿ ಪ್ರಕಟವಾದದ್ದು. ಬೂದು ಅಳಿಲುಗಳಿಗೆ ಮೊದಲು ಗಿಡುಗದ ಕೂಗು ಕೇಳಿಸಿದರು. ಆಮೇಲೆ ಕೆಲವಕ್ಕೆ ಹಕ್ಕಿಗಳ ನೆಮ್ಮದಿಯ ಚಿಲಿಪಿಲಿಯನ್ನೂ ಕೆಲವಕ್ಕೆ ಬರೀ ಸುತ್ತಲಿನ ಸಪ್ಪಳವನ್ನೂ ಕೇಳಿಸಿದರು. ಚಿಲಿಪಿಲಿ ಕೇಳಿದವು ಬೇಗ ಭಯ ಬಿಟ್ಟು ತಮ್ಮ ಕೆಲಸಕ್ಕೆ ಮರಳಿದವು. ಆದ್ದರಿಂದ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಕೆರೆಯ ಕಡೆ ಹೋದರೆ ನಿರ್ಜನವಾದ, ನಿಶ್ಶಬ್ದವಾದ ಜಾಗ ಹುಡುಕುವ ಬದಲು ಹರಟೆಮಲ್ಲಗಳು ತರಗೆಲೆ ಕೆದರುತ್ತ ಹರಟುತ್ತಿರುವ ಜಾಗದಿಂದ ತುಸು ದೂರದಲ್ಲಿ ಕುಳಿತುಕೊಳ್ಳಿ. ಅವು ನಿಮ್ಮನ್ನು ಒಪ್ಪಿಕೊಂಡು ಮತ್ತೆ ಹರಟೆಗೆ ಇಳಿದರೆ ಅಳಿಲು ಕೂಡ ಬೇಗ ದೂರು ಹಿಂತೆಗೆದುಕೊಳ್ಳುತ್ತದೆ. ಆಮೇಲೆ ಕೇಳುವ ಕೂಗು ನಿಮ್ಮದಲ್ಲ. ಆಗ ದುರ್ಬೀನು ಎತ್ತಿ.