ಸಿಯಾಟಲ್‌ಗೆ ಹೊರಟ ಶಿರಸಿಯ ತಂಗಿಗೆ

ತಂಗಿ, ಮೂಳೆಯೊಳಗೆ ರಕ್ತ ಹುಟ್ಟುವ ಮಜ್ಜೆಯ ಕಾಯಿಲೆಯ ಲ್ಯಾಬಿಗೆ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕಿ) ಆಗಿ ಬರ್ತಿದ್ದೀಯ ಅಂತ ಓದಿ ಖುಷಿಯಾಯ್ತು. ಮಳೆ ಹೇಗೆ, ಏನು ತರಲಿ, ಕೆಲಸದ ಹೊತ್ತು ಎಷ್ಟು, ಎಂಡಿಎಸ್ (ಮಯಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್) ಅನ್ನುವ ಈ ಮಜ್ಜೆ ಕಾಯಿಲೆ ಅಂದರೆ ಏನೆಂದು ಆಯಿಗೆ ಹೇಗೆ ಹೇಳಲಿ ಅಂತೆಲ್ಲ ಕೇಳಿದ್ದೀಯ.

ಮಳೆಗೆ ಹೆದರಬೇಡ. ಶಿರಸಿಯ ಆಷಾಢ ಕಂಡವಳಿಗೆ ಇಲ್ಲಿಯದು ಮಳೆಯೇ ಅಲ್ಲ, ಸುಮ್ನೆ ಜಿಟಿಜಿಟಿ. ಕಷ್ಟ ಕೊಡುವುದು ಕತ್ತಲೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗಿಬಿಡುತ್ತಾನೆ. ಅಪ್ಪೆಮಿಡಿ ಉಪ್ಪಿನಕಾಯಿ ತಾ, ಡಬ್ಬಿಯ ಬಾಯಿಗೆ ಎರಡು ಸುತ್ತು ಪ್ಲಾಸ್ಟಿಕ್ ಕಟ್ಟು. ಕುಕ್ಕರ್ ಇಲ್ಲೇ ಸಿಗುತ್ತದೆ.

ಕೆಲಸದ ಹೊತ್ತನ್ನು ನಿರ್ಧರಿಸುವುದು ನೀನಲ್ಲ, ಸ್ಯಾಂಪಲ್. ರೋಗಿಯ ಸೊಂಟದ ಮೂಳೆಯಿಂದ ತೆಗೆದ ಮಜ್ಜೆ ನಮ್ಮಲ್ಲಿಗೆ ಶುಕ್ರವಾರ ಸಂಜೆಯೇ ಬರುತ್ತದೆ, ಯಾಕೋ! ಅವತ್ತೇ ಕೋಶ ಬೇರೆ ಮಾಡಿ ಫ್ರೀಜ್ ಮಾಡಬೇಕು.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಲಿಕ್ವಿಡ್ ನೈಟ್ರೋಜನ್‌ನಿಂದ ತೆಗೆದ ವಯಲನ್ನು (ಕೋಶವಿಟ್ಟ ಪುಟ್ಟ ಸೀಸೆ) 37 ಡಿಗ್ರಿ ನೀರಿನಲ್ಲಿ ಹಿಡಿದು, ಒಳಗೆ ಅಕ್ಕಿಕಾಳಿನಷ್ಟು ಮಂಜು ಉಳಿದಿರುವಾಗಲೇ ಎತ್ತಬೇಕು. ಚಳಿಯಲ್ಲಿ ಕೋಶವನ್ನು ಕಾಯುವ ಡಿಎಂಎಸ್‌ಒ ಅನ್ನುವ ರಾಸಾಯನಿಕ ಬೆಚ್ಚಗಾದ ಮೇಲೆ ಅದಕ್ಕೇ ವಿಷ. ಅಷ್ಟರಲ್ಲಿ ಆಯಿಯ ಫೋನ್, ಅಡಿಕೆ ಕೊನೆ ಕೊಯ್ಲಿಗೆ ಆಳು ಸಿಗ್ತಿಲ್ಲ ಅಂತ. ಕಾಲು ಗಂಟೆ ಹೋಯ್ತು. ಟ್ರೈಪಾನ್ ಬ್ಲೂ ಬಣ್ಣ ಹಾಕಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕೋಶ ನೀಲಿ, ಅಂದರೆ ಸತ್ತಿವೆ. ಆ ಮಜ್ಜೆ ಕೊಟ್ಟವರು ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನೊಂದು ವಯಲ್ ಯಾರ ಹತ್ತಿರ ಕೇಳಲಿ? ಈಗಲೂ ಫೋನ್ ಡ್ರಾವರಿನಲ್ಲಿಟ್ಟೇ ಕೂರುತ್ತೇನೆ.

ಆಯಿಗೆ ತೋಟದ ಮಾತಿನಲ್ಲೇ ಹೇಳು. ಅಡಿಕೆಯ ಹಿಂಗಾರ ಒಡೆಯುತ್ತದೆ, ಕಾಯಿ ಕಟ್ಟುತ್ತದೆ, ಬಲಿಯುವ ಮೊದಲೇ ಉದುರುತ್ತದೆ. ಎಂಡಿಎಸ್‌ನಲ್ಲೂ ಹಾಗೇ: ಎಷ್ಟೋ ಸಲ ಮಜ್ಜೆಯ ತುಂಬ ಕೋಶ ಇರುತ್ತವೆ, ರಕ್ತಕ್ಕೆ ಬಂದು ಸೇರುವುದು ಕಡಿಮೆ. ಕ್ಯಾನ್ಸರಾ ಅಂತ ಕೇಳಿದರೆ ಹೌದು ಅನ್ನು, ಮುಚ್ಚಿಡಬೇಡ. ಕೆಲವರಲ್ಲಿ ಮುಂದೆ ಲುಕೇಮಿಯಾಕ್ಕೂ ತಿರುಗುತ್ತದೆ.

ಪೂರ್ತಿ ಗುಣವಾಗಲು ಇವತ್ತಿಗೂ ದಾರಿ ಅಂದರೆ ಮಜ್ಜೆ ಕಸಿ. ಅದಕ್ಕೆ 1990ರಲ್ಲಿ ನೊಬೆಲ್ ಪಡೆದ ಡೊನಾಲ್ ಥಾಮಸ್ ಕೆಲಸ ಮಾಡಿದ್ದು ಇದೇ ಊರಿನಲ್ಲಿ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಮಜ್ಜೆಯೂ ರೋಗಿಗೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನ ದಾನಿ ಬೇಕೆಂದರೆ ನಮ್ಮ ಕಡೆಯವರ ಹೆಸರು ದಾನಿಗಳ ಪಟ್ಟಿಯಲ್ಲಿ ಕಡಿಮೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕೊಟ್ಟರೆ ಆಯ್ತು, ಬಂದ ವಾರವೇ ಹೆಸರು ಬರೆಸೋಣ.

ಏರ್‌ಪೋರ್ಟಿಗೆ ನಾನೇ ಬರ್ತೇನೆ. ಶುಕ್ರವಾರದ ಟಿಕೆಟ್ ಮಾತ್ರ ಮಾಡಿಸಬೇಡ.